ಮಾರ್ಫಿನ್ ಬರೆಯಲು ನನಗೆ ಅಪ್ಪಣೆ ದಯಪಾಲಿಸಿದ ಯಂತ್ರ ಮಹಾಶಯರಿಗೆ

ಟ್ರಂಡಿ ದ್ವೀಪ ಚಿಕಿತ್ಸಾಲಯ,
ಮೇನ್ ರಾಜ್ಯದ ಕರಾವಳಿ, ಅಮೆರಿಕ.
ಮಾರ್ಚ್ ತಿಂಗಳು, ಕೆಸರಿನ ಕಾಲ.

ಇವರಿಗೆ,
ಘನತೆವೆತ್ತ ಸುರಕ್ಷಿತ ಪ್ರವೇಶಾನುಮೋದನಾ ವ್ಯವಸ್ಥೆಯವರು,
ಮೋಡಗಳಲ್ಲಿ ಎಲ್ಲೋ (ತಮ್ಮ ವಾಸ ‘ಕ್ಲೌಡ್’ನಲ್ಲಿ ಎಂದು ಸಹಾಯವಾಣಿಯವರು ತಿಳಿಸಿದ್ದಾರೆ).

ವಿಷಯ: ನಿಯಂತ್ರಿತ ಔಷಧಿಗಳ ಚೀಟಿಯನ್ನು ಕಂಪ್ಯೂಟರಿನಲ್ಲೇ ಬರೆದು ಕಳುಹಿಸಲು ನನಗೆ ಅನುಮತಿ ದೊರೆತ ಸೌಭಾಗ್ಯದ ಬಗ್ಗೆ.

ಮಾನ್ಯರೇ,

ತಾವೂ ತಮ್ಮ ಸಮಸ್ತ ತಂತಿ ಪರಿವಾರವೂ ಬಿಸಿಯಾಗದೆ, ಧೂಳು ಹಿಡಿಯದೆ, ಕರೆಂಟು ಕೈಕೊಡದೆ ಸುಖವಾಗಿದ್ದೀರೆಂದು ನಂಬಿ, ಈ ದ್ವೀಪದ ಏಕೈಕ ವೈದ್ಯೆಯಾದ ಲೆನೋರ್ ಥರ್ಲೋ ಎಂಬ ನಾನು ಉಣ್ಣೆಯ ಟೋಪಿ ತೆಗೆದು ಎದೆಗೊತ್ತಿಕೊಂಡು ಮಾಡುತ್ತಿರುವ ಅರಿಕೆಯಿದು. ನಮ್ಮ ಸೇವೆ ತಮಗೆ ಹೇಗನ್ನಿಸಿತು ಎಂದು ತಾವು ಪ್ರೀತಿಯಿಂದ ಕೇಳಿ, ಐದು ನಕ್ಷತ್ರಗಳನ್ನೂ ಕೆಳಗೊಂದು ಚಿಕ್ಕ ಚೌಕವನ್ನೂ ಕಳುಹಿಸಿದ್ದೀರಿ. ಆ ಚೌಕದಲ್ಲಿ ನನ್ನ ಕೃತಜ್ಞತೆಯ ಮೊದಲ ವಾಕ್ಯವೇ ಹಿಡಿಸದೆ ಕೊನೆಯ ಪದ ಹೊರಗೆ ಉಳಿದುಹೋಯಿತು. ಆದ್ದರಿಂದ ಬಹಿರಂಗ ಪತ್ರವನ್ನೇ ಬರೆದು, ಒಂದು ಪ್ರತಿಯನ್ನು ತಮಗೆ ಕಳುಹಿಸಿ, ಇನ್ನೊಂದನ್ನು ಅಂಗಡಿಯ ಹಲಗೆಯ ಮೇಲೆ, ಚರ್ಚಿನ ಶನಿವಾರದ ಊಟದ ಪ್ರಕಟಣೆಯ ಪಕ್ಕದಲ್ಲಿ ಅಂಟಿಸುತ್ತಿದ್ದೇನೆ.

ತಮಗೆ ಮನುಷ್ಯರ ಪರಿಚಯ ಕಡಿಮೆ ಎಂದು ಕೇಳಿದ್ದೇನೆ, ಹಾಗಾಗಿ ಮೊದಲು ವಿನ್ಸ್‌ಲೋ ಬೀಲ್ ಅವರನ್ನು ಪರಿಚಯಿಸುತ್ತೇನೆ. ಹುಡುಗನಾಗಿದ್ದಾಗಿನಿಂದ ಇಲ್ಲಿ ಲಾಬ್‌ಸ್ಟರ್ ಹಿಡಿದವರು, ಒಂದಾದಮೇಲೊಂದು ನಾಲ್ಕು ದೋಣಿ ಸವೆಸಿದವರು, ಜೊತೆಗೆ ನಮ್ಮ ಚಿಕಿತ್ಸಾಲಯದ ಆಡಳಿತ ಮಂಡಳಿಗೆ ಎಷ್ಟೋ ವರ್ಷಗಳಿಂದ ಅಧ್ಯಕ್ಷರು. ಅಧ್ಯಕ್ಷರಾಗಲು ಕಾರಣ, ಸಭೆಗೆ ಡೋನಟ್ ತರುತ್ತಿದ್ದವರು ಅವರೊಬ್ಬರೇ. ಕಳೆದ ಬೇಸಿಗೆಯಲ್ಲಿ ಅವರ ಕ್ಯಾನ್ಸರ್ ಮೂಳೆಗೆ ಇಳಿಯಿತು. ಆಚೆ ದಡದ ಆಸ್ಪತ್ರೆಯವರು, ಇನ್ನು ನೋವು ಕಡಿಮೆ ಮಾಡುವುದೊಂದೇ ನಮ್ಮ ಕೈಲಾಗುವ ಕೆಲಸ ಎಂದರು. ವಿನ್ಸ್‌ಲೋ ಅದನ್ನು ಕೇಳಿ ನನಗೆ ಹೇಳಿದ್ದಿಷ್ಟು: "ಹೋಗೋದೇನೋ ಹೋಗ್ತೀನಿ ಡಾಕ್ಟ್ರಮ್ಮಾ, ಅದ್ರ ಬಗ್ಗೆ ತಕರಾರಿಲ್ಲ. ಆದ್ರೆ ಆ ಆಸ್ಪತ್ರೆ ಕಿಟಕೀಲಿ ಕಾರು ನಿಲ್ಸೋ ಜಾಗ ಬಿಟ್ರೆ ಏನೂ ಕಾಣ್ಸಲ್ಲ. ಯಾರ್ಯಾರ್ದೋ ಕಾರು ನೋಡ್ತಾ ಸಾಯೋಕೆ ನಂಗಿಷ್ಟ ಇಲ್ಲ."

ಅವರಿಗೆ ಬೇಕಾಗಿದ್ದದ್ದು ಬಂದರು ಕಾಣುವ ಅಡುಗೆಮನೆಯ ಕಿಟಕಿ, ಅದರ ಮುಂದೆ ಅವರ ಹಳೆಯ ಕುರ್ಚಿ, ಮತ್ತು ಆ ಕುರ್ಚಿಯಲ್ಲಿ ಹಲ್ಲು ಕಚ್ಚದೆ ಕೂರಲು ಸಾಕಾಗುವಷ್ಟು ಮಾರ್ಫಿನ್. ಡಿಸೆಂಬರಿನವರೆಗೆ ಆ ಚೀಟಿಯನ್ನು ಆಚೆ ದಡದ ಹಿರಿಯ ವೈದ್ಯರು ಬರೆಯುತ್ತಿದ್ದರು, ಔಷಧಿ ಟಪಾಲು ದೋಣಿಯಲ್ಲಿ ಬರುತ್ತಿತ್ತು. ಅವರು ನಿವೃತ್ತರಾದ ಮೇಲೆ ಬಂದ ಹೊಸಬರು, ದ್ವೀಪದ ರೋಗಿಗೆ ದ್ವೀಪದ ವೈದ್ಯರೇ ಬರೆಯಲಿ ಎಂದುಬಿಟ್ಟರು. ನನಗೂ ಸಂತೋಷವೇ. ಆದರೆ ಆಚೆ ದಡದ ಔಷಧಿ ಅಂಗಡಿ ಇಂಥ ಔಷಧಿಗೆ ಕೈಬರಹದ ಚೀಟಿ ಮುಟ್ಟುವುದಿಲ್ಲ, ಕಂಪ್ಯೂಟರಿನಲ್ಲಿ ಬರೆಯಲು ತಮ್ಮ ಅಪ್ಪಣೆ ಬೇಕು, ತಾತ್ಕಾಲಿಕ ವಿನಾಯಿತಿ ಕೇಳೋಣವೆಂದರೆ ಆ ಅರ್ಜಿ ಇರುವುದೂ ತಮ್ಮ ಅಪ್ಪಣೆ ಸಿಕ್ಕಮೇಲೆ ತೆರೆಯುವ ಪುಟದಲ್ಲಿ. ವಿನ್ಸ್‌ಲೋ ಬಳಿ ಉಳಿದಿದ್ದ ಮಾತ್ರೆಗಳು ಮುಂದಿನ ಶುಕ್ರವಾರದ ದೋಣಿಯವರೆಗೆ ಸಾಕಾಗುತ್ತಿದ್ದವು. ಆ ದೋಣಿಯಲ್ಲಿ ಔಷಧಿ ಬರದಿದ್ದರೆ ಅದೇ ದೋಣಿಯಲ್ಲಿ ಅವರನ್ನು ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕಿತ್ತು, ಮತ್ತು ಅವರು ಕೂತುಕೊಂಡು ವಾಪಸು ಬರುವುದಿಲ್ಲ ಎಂಬುದು ದ್ವೀಪಕ್ಕೆಲ್ಲ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ತಾವು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ನಾನು ನಾನೇ ಹೌದೇ ಎಂಬುದು. ಇಷ್ಟು ಆಳವಾದ ಪ್ರಶ್ನೆಯನ್ನು ನಮ್ಮ ಪಾದ್ರಿಯವರೂ ಈವರೆಗೆ ಕೇಳಿರಲಿಲ್ಲ. ಪಟ್ಟಿಯಲ್ಲಿರುವ ಯಾವ ಬೀದಿಯಲ್ಲಿ ನಾನು ಹಿಂದೆ ವಾಸಿಸಿದ್ದೆ ಎಂದು ಕೇಳಿದಿರಿ. ನಮ್ಮಲ್ಲಿರುವುದು ಒಂದೇ ರಸ್ತೆ, ಎರಡನೆಯದು ಇಲ್ಲದ್ದರಿಂದ ಅದಕ್ಕೆ ಹೆಸರಿಡುವ ತೊಂದರೆಯನ್ನು ಯಾರೂ ತೆಗೆದುಕೊಂಡಿಲ್ಲ. ವಾಹನಕ್ಕೆ ಯಾವ ಬ್ಯಾಂಕು ಸಾಲ ಕೊಟ್ಟಿತು ಎಂದು ಕೇಳಿದಿರಿ. ನನ್ನ ಪಿಕಪ್ ಗಾಡಿ, ಒಬ್ಬರ ಪಿತ್ತಕೋಶ ಒಡೆಯುವ ಮುನ್ನ ಅವರನ್ನು ದೋಣಿ ಹತ್ತಿಸಿದ್ದಕ್ಕೆ ಅವರ ಮನೆಯವರು ತಂದು ಅಂಗಳದಲ್ಲಿ ನಿಲ್ಲಿಸಿ ಹೋದ ಉಡುಗೊರೆ. ನನ್ನ ಉತ್ತರಗಳನ್ನು ಸಹನೆಯಿಂದ ಪರಿಶೀಲಿಸಿ, ಇಂಥ ವ್ಯಕ್ತಿ ಇರುವುದು ಖಚಿತವಾಗಲಿಲ್ಲ ಎಂದು ಕೆಂಪಕ್ಷರದಲ್ಲಿ ತಿಳಿಸಿದಿರಿ. ಈ ದ್ವೀಪದ ಅರ್ಧ ಜನರ ಹೊಕ್ಕುಳ ಬಳ್ಳಿ ಕತ್ತರಿಸಿದವಳು ನಾನು, ಆದರೂ ಆ ಅಕ್ಷರಗಳನ್ನು ಓದಿ ಕನ್ನಡಿ ನೋಡಿಕೊಂಡು ಬಂದೆ. ಕೊನೆಗೆ ವೈದ್ಯಕೀಯ ಓದಿಗೆಂದು ಯೌವನದಲ್ಲಿ ಮಾಡಿದ್ದ ಒಂದು ಸಾಲ ತಮ್ಮ ಕಣ್ಣಿಗೆ ಬಿದ್ದು ನಾನು ಅಸ್ತಿತ್ವಕ್ಕೆ ಬಂದೆ.

ಆಮೇಲೆ ತಾವು ಒಂದು ಪುಟ್ಟ ಬಿಲ್ಲೆಯನ್ನು ಕಳುಹಿಸಿದಿರಿ. ಅದರ ಕಿಟಕಿಯಲ್ಲಿ ಆರು ಅಂಕಿಗಳು ಕಾಣುತ್ತವೆ, ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಬದಲಾಗುತ್ತವೆ. ಗುಪ್ತಪದದ ಜೊತೆ ಆ ಅಂಕಿಗಳನ್ನೂ ಒತ್ತಿದರೆ ಮಾತ್ರ ಚೀಟಿ ಬರೆಯುತ್ತಿರುವುದು ನಾನೇ ಎಂದು ತಾವು ಒಪ್ಪುತ್ತೀರಿ. ಬಿಲ್ಲೆಯನ್ನು ಸದಾ ಭದ್ರವಾದ ಜಾಗದಲ್ಲಿ ಇಟ್ಟುಕೊಳ್ಳಿ ಎಂದು ಜೊತೆಯ ಕಾಗದದಲ್ಲಿತ್ತು. ನಾನು ಯೋಚಿಸಿ ಯೋಚಿಸಿ ಅದನ್ನು ಗಾಡಿಯ ಬೀಗದಕೈ ಗೊಂಚಲಿಗೆ ಪೋಣಿಸಿದೆ. ಇಲ್ಲೇ ನನ್ನ ಬುದ್ಧಿ ಮಣ್ಣು ತಿಂದದ್ದು. ಟ್ರಂಡಿ ದ್ವೀಪದಲ್ಲಿ ಗಾಡಿಯ ಬೀಗದಕೈ ಗಾಡಿಯಲ್ಲೇ ಇರುತ್ತದೆ, ಏಕೆಂದರೆ ಯಾರಿಗೆ ಯಾವಾಗ ಗಾಡಿ ಬೇಕಾಗುತ್ತದೋ ಹೇಳಲಾಗದು. ಬೀಗದಕೈಯನ್ನು ಮನೆಯೊಳಗೆ ಒಯ್ಯುವವರನ್ನು ನಾವು ಬೇಸಿಗೆಯ ಪ್ರವಾಸಿಗರು ಎಂದು ಕರೆಯುತ್ತೇವೆ. ಮರುದಿನ ಬೆಳಿಗ್ಗೆ ಬಿಲ್ಲೆಯನ್ನು ಚಾಲೂ ಮಾಡಲು ಕಂಪ್ಯೂಟರಿನ ಮುಂದೆ ಕುಳಿತು ನೋಡುತ್ತೇನೆ, ಅಂಗಳದಲ್ಲಿ ಗಾಡಿಯೇ ಇಲ್ಲ.

ಗಾಡಿ ಕಳೆದರೆ ನಾವು ಪೊಲೀಸರಿಗೆ ಹೇಳುವುದಿಲ್ಲ, ದೋಣಿಗಳ ರೇಡಿಯೋದಲ್ಲಿ ಕೇಳುತ್ತೇವೆ. ಕೇಳಿದ ಕೂಡಲೇ ಮರ್ಲ್ ಆಲಿ ಉತ್ತರಿಸಿದ. ಇವನು ಎರಡನೆಯ ಹೆಂಡತಿಯೊಡನೆ ಸುಖವಾಗಿದ್ದು, ದೋಣಿಗೆ ಮಾತ್ರ ಮೊದಲ ಹೆಂಡತಿಯ ಹೆಸರನ್ನೇ ಉಳಿಸಿಕೊಂಡಿರುವ ಧೈರ್ಯವಂತ. "ಗಾಡಿ ದೋಣಿ ಕಟ್ಟೋ ಧಕ್ಕೇಲಿದೆ ಡಾಕ್ಟ್ರಮ್ಮಾ, ಲಾಬ್‌ಸ್ಟರ್ ಬೋನಿಗೆ ಹಾಕೋ ಮೀನು ಸಾಗಿಸ್ಬೇಕಿತ್ತು, ತಗೊಂಡೆ. ಬೀಗದಕೈ ನನ್ನತ್ರಾನೇ ಇದೆ. ಅದ್ರಲ್ಲೊಂದು ಪುಟಾಣಿ ಗಡಿಯಾರ ತೂಗಾಕಿದ್ದೀರಲ್ಲ, ಪೂರ್ತಿ ಕೆಟ್ಟೋಗಿದೆ ಮಾರಾಯ್ರೇ! ಒಂದ್ಸಲ ನೋಡಿದ್ರೆ ನಲವತ್ತೊಂದು ಗಂಟೆ ಅನ್ನುತ್ತೆ, ಇನ್ನೊಂದ್ಸಲ ಎಂಬತ್ತೆಂಟು. ಊಟಕ್ಕೆ ಕೂತಾಗ ಬಿಚ್ಚಿ ಸರಿಮಾಡ್ಕೊಡ್ತೀನಿ, ಅದಕ್ಕೇ ದೋಣಿಗೆ ತಂದೆ." ಬಿಚ್ಚಿದರೆ ಬಿಲ್ಲೆ ಶಾಶ್ವತವಾಗಿ ಸತ್ತುಹೋಗುತ್ತದೆ ಎಂದು ತಮ್ಮ ಕಾಗದದಲ್ಲಿ ಬರೆದಿತ್ತು. ಸ್ಕ್ರೂಡ್ರೈವರ್ ಕೆಳಗಿಡು ಎಂದು ನಾನು ಕಿರುಚಿದ್ದು ರೇಡಿಯೋ ಇಲ್ಲದೆಯೂ ಅವನಿಗೆ ಕೇಳಿಸಿರಬೇಕು.

ಅವನು ಸಂಜೆಯವರೆಗೆ ದಡಕ್ಕೆ ಬರುವವನಲ್ಲ, ಬಿಲ್ಲೆಯನ್ನು ಅಂದೇ ಮಧ್ಯಾಹ್ನದೊಳಗೆ ಚಾಲೂ ಮಾಡಬೇಕೆಂದು ತಮ್ಮ ಆಜ್ಞೆಯಾಗಿತ್ತು. ಆದ್ದರಿಂದ, ಮಾನ್ಯರೇ, ತಾವು ಕಣ್ಣು ಮುಚ್ಚಿಕೊಂಡು ಓದಬೇಕಾದ ಭಾಗ ಇದು: ಅಂಕಿಗಳನ್ನು ಅಲ್ಲಿಂದಲೇ ಓದು ಎಂದು ನಾನು ಮರ್ಲ್‌ಗೆ ಹೇಳಿದೆ. ತಮ್ಮ ಪರಮ ರಹಸ್ಯವನ್ನು ಅವನು ಇಡೀ ಬಂದರಿಗೆ ಕೇಳುವಂತೆ, ಪ್ರತಿ ಅಂಕಿಯನ್ನೂ ಎರಡೆರಡು ಸಲ, ಗಂಟಲು ಸರಿಮಾಡಿಕೊಂಡು ಓದಿದ. "ಮೂರು... ಏಳು... ಇದು ಒಂದೋ ಏಳೋ ಗೊತ್ತಾಗ್ತಿಲ್ಲ, ಮೀನೆಣ್ಣೆ ಮೆತ್ಕೊಂಡಿದೆ." ಇನ್ನೊಂದು ದೋಣಿಯವನು ತಟ್ಟನೆ ಬಾಯಿ ಹಾಕಿದ: "ಏಳು ಡಾಕ್ಟ್ರಮ್ಮಾ, ನಂಗೆ ಸ್ಪಷ್ಟವಾಗಿ ಕೇಳಿಸ್ತು." ಅಂಕಿಯನ್ನು ಕಣ್ಣಿಂದ ನೋಡುತ್ತಿದ್ದವನೇ ಖಚಿತವಿಲ್ಲ ಎನ್ನುವಾಗ ಇವನಿಗೆ ಕೇಳಿಸಿದ್ದು ಹೇಗೋ! ಅಷ್ಟರಲ್ಲಿ ಟಪಾಲು ದೋಣಿಯವರು ಇದು ಯಾವ ಲಾಟರಿ ನಂಬರು, ಬಹುಮಾನ ಎಷ್ಟು ಎಂದು ವಿಚಾರಿಸಿದರು. ಆಗ ಮರ್ಲ್ ಹೇಳಿದ, "ಅಯ್ಯೋ, ಬದಲಾಗ್ಹೋಯ್ತು! ಮೊದಲಿಂದ ಓದ್ಲಾ?" ನಾನು ಒತ್ತಿದ್ದೆಲ್ಲ ತಪ್ಪಾಗಿ, ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದೆ ಎಂದು ತಾವು ನನ್ನ ಖಾತೆಗೆ ಬೀಗ ಜಡಿದಿರಿ. ತಮ್ಮ ಸಂಶಯ ನ್ಯಾಯವಾದದ್ದು, ಆ ಬಗ್ಗೆ ನನಗೆ ತಕರಾರಿಲ್ಲ.

ಇಲ್ಲಿ ಒಂದು ಮಾತನ್ನು ತಮಾಷೆ ಬಿಟ್ಟು ಹೇಳಬೇಕು. ಈ ಔಷಧಿಗಳಿಗೆ ಬೀಗ ಬೇಕು ಎಂಬುದು ನನಗೆ ಗೊತ್ತು. ಇವೇ ಮಾತ್ರೆಗಳ ಚಟಕ್ಕೆ ಬಿದ್ದ ಇಬ್ಬರು ತರುಣರನ್ನು ನಾವು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೊತ್ತಿದ್ದೇವೆ, ಆ ತಾಯಂದಿರ ರಕ್ತದೊತ್ತಡವನ್ನು ಇಂದಿಗೂ ನಾನೇ ನೋಡುತ್ತೇನೆ. ಆದ್ದರಿಂದ ತಮ್ಮ ಬೀಗದ ಮೇಲೆ ನನಗೆ ಸಿಟ್ಟಿಲ್ಲ. ಬೀಗದ ಈಚೆ ನರಳುತ್ತಿದ್ದ ಮನುಷ್ಯ ತಮಗೆ ಕಾಣಿಸಲಿಲ್ಲವಲ್ಲ ಎಂಬುದಕ್ಕೆ ಸಿಟ್ಟು, ಅದು ಇನ್ನೂ ಇಳಿದಿಲ್ಲ.

ಬೀಗ ತೆಗೆಯಲು ದಾರಿಯೇನೆಂದು ಸಹಾಯವಾಣಿಯನ್ನು ಕೇಳಿದಾಗ, ಸಂಗೀತ ಬಹಳ ಹೊತ್ತು ನುಡಿದ ಮೇಲೆ ಒಬ್ಬ ಸಜ್ಜನ ವಿವರಿಸಿದ. ವೈದ್ಯರು ತಮಗೆ ತಾವೇ ಅಪ್ಪಣೆ ಕೊಟ್ಟುಕೊಳ್ಳುವಂತಿಲ್ಲ. ಚಿಕಿತ್ಸಾಲಯಕ್ಕೆ ಸೇರಿದ ಎರಡನೆಯ ವ್ಯಕ್ತಿಯೊಬ್ಬರು ಅನುಮೋದಕರಾಗಿ ನೋಂದಾಯಿಸಿಕೊಂಡು, ಈ ವೈದ್ಯರನ್ನು ಒಳಗೆ ಬಿಡಬಹುದು ಎಂದು ಒತ್ತಬೇಕು. ಎರಡನೆಯ ವ್ಯಕ್ತಿ ಎಂದರೆ ನಮ್ಮಲ್ಲಿ ಏವಿಸ್ ಡೈಯರ್. ಚಿಕಿತ್ಸಾಲಯದ ಫೋನು ಎತ್ತುವುದು, ಲೆಕ್ಕ ಬರೆಯುವುದು, ರೋಗಿಗಳನ್ನು ಗದರುವುದು, ನನ್ನನ್ನು ಗದರುವುದು ಎಲ್ಲ ಅವಳದ್ದೇ. ಏವಿಸ್ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದು ತಮ್ಮ ಮುಂದೆ ಕುಳಿತಳು. ಅವಳು ಜನ್ಮದಲ್ಲಿ ಸಾಲ ಮಾಡಿದವಳಲ್ಲ, ಬ್ಯಾಂಕಿನ ಕಾರ್ಡು ಮುಟ್ಟಿದವಳಲ್ಲ, ಹುಟ್ಟಿದ ಮನೆ ಬಿಟ್ಟು ಬೇರೆ ಮನೆಯಲ್ಲಿ ಮಲಗಿದವಳಲ್ಲ. ತಾವು ನನಗೆ ಕೊಟ್ಟ ಉತ್ತರವನ್ನೇ ಅವಳಿಗೂ ಕೊಟ್ಟಿರಿ, ವ್ಯತ್ಯಾಸವೆಂದರೆ ಅವಳ ಪಾಲಿಗೆ ಯಾವ ಹಳೆಯ ಸಾಲವೂ ಎದ್ದು ಬರಲಿಲ್ಲ. "ನಾನು ಇಲ್ವಂತೆ!" ಎಂದು ಏವಿಸ್ ಮೇಜು ಕುಟ್ಟಿದಳು. "ಹಂಗಾದ್ರೆ ಈ ಇಪ್ಪತ್ತು ವರ್ಷ ನಿಮ್ಮ ಕಾಫಿ ಕಪ್ಪು ತೊಳ್ದಿದ್ದು ಯಾರಂತೆ, ದೆವ್ವಾನಾ?"

ಸಿಟ್ಟಿಗೆದ್ದ ಏವಿಸ್‌ಗೆ ತಲೆ ಚುರುಕಾಗುತ್ತದೆ. ಸಾಲ ಮಾಡಿದವರನ್ನೇ ಈ ಯಂತ್ರ ಮನುಷ್ಯರೆಂದು ಒಪ್ಪುವುದಾದರೆ, ದ್ವೀಪದಲ್ಲಿ ಅತಿ ಹೆಚ್ಚು ಸಾಲ ಮಾಡಿದ, ಚಿಕಿತ್ಸಾಲಯಕ್ಕೂ ಸೇರಿದ ಮನುಷ್ಯ ಯಾರು ಎಂದು ಅವಳು ಕೇಳಿದಳು. ಕೇಳಿ ಮುಗಿಸುವ ಮೊದಲೇ ಇಬ್ಬರಿಗೂ ಉತ್ತರ ಹೊಳೆದು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಲ್ಕು ದೋಣಿಗೂ, ಅವುಗಳ ಎಂಜಿನ್ನುಗಳಿಗೂ ಸಾಲ ಮಾಡಿ ತೀರಿಸಿದ್ದ ವಿನ್ಸ್‌ಲೋ ಬೀಲ್, ಆಡಳಿತ ಮಂಡಳಿಯ ಅಧ್ಯಕ್ಷರು. ಸಹಾಯವಾಣಿಯ ಸಜ್ಜನನನ್ನು ಕೇಳಿದೆ: ಅನುಮೋದಕರಿಗೆ ಸ್ವತಃ ಆ ಔಷಧಿ ಬೇಕಾಗಿದ್ದರೆ ಅಡ್ಡಿಯೇ? ಅವನು ಪುಟಗಳನ್ನು ತಿರುವಿಹಾಕಿ, ಅಂಥ ಸಾಧ್ಯತೆಯನ್ನು ನಿಯಮಗಳು ಊಹಿಸಿಲ್ಲ, ಆದ್ದರಿಂದ ಅಡ್ಡಿಯೂ ಇಲ್ಲ ಎಂದ.

ಹೀಗೆ ಗುರುವಾರ ಬೆಳಿಗ್ಗೆ ನಾನೂ ಏವಿಸ್ಸೂ ಲ್ಯಾಪ್‌ಟಾಪ್ ಹೊತ್ತುಕೊಂಡು ಬೀಲ್ ಅವರ ಅಡುಗೆಮನೆಗೆ ಹೋದೆವು. ವಿನ್ಸ್‌ಲೋ ಕಿಟಕಿಯ ಬಳಿ ಕಂಬಳಿ ಹೊದ್ದು ಕುಳಿತಿದ್ದರು. ಮಾತ್ರೆಗಳನ್ನು ಉಳಿಸಬೇಕೆಂದು ಅವರೇ ಎರಡು ದಿನದಿಂದ ಅರ್ಧರ್ಧ ಮಾಡಿ ನುಂಗುತ್ತಿದ್ದರೆಂದು ಅವರ ಹೆಂಡತಿ ವೆಸ್ಟಾ ಬಾಗಿಲಲ್ಲೇ ನನಗೆ ಪಿಸುಗುಟ್ಟಿದರು. ಗಂಡನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ತಾವು ಅವರಿಗೂ ಪ್ರಶ್ನೆ ಹಾಕಿದಿರಿ: ಯಾವ ಬ್ಯಾಂಕು, ಯಾವ ವರ್ಷ, ಯಾವ ದೋಣಿ. ಅವರು ಒಂದಕ್ಕೂ ತಡವರಿಸಲಿಲ್ಲ, ಬಡ್ಡಿ ದರ ಕೇಳದೆಯೇ ಹೇಳಿದರು. ತಕ್ಷಣ ತಾವು ಹಸಿರಕ್ಷರದಲ್ಲಿ, ಸ್ವಾಗತ ವಿನ್ಸ್‌ಲೋ, ತಾವು ತಾವೇ ಎಂಬುದು ದೃಢಪಟ್ಟಿದೆ ಎಂದಿರಿ. ಏವಿಸ್ ಮುಖ ತಿರುಗಿಸಿಕೊಂಡಳು.

ಕೊನೆಯ ಗುಂಡಿ ಬಂತು. ಪರದೆಯ ಮೇಲಿದ್ದದ್ದನ್ನು ವಿನ್ಸ್‌ಲೋ ಕನ್ನಡಕ ಸರಿಮಾಡಿಕೊಂಡು ಓದಿದರು. "ವೆಸ್ಟಾ, ಬಾ ಇಲ್ಲಿ. ಈ ಡಾಕ್ಟ್ರಮ್ಮ ಇಂಥ ಔಷಧಿ ಕೊಡೋಕೆ ಯೋಗ್ಯಳಾ, ಒಳಗೆ ಬಿಡ್ಲಾ ಅಂತ ನನ್ನ ಕೇಳ್ತಿದೆ ಕಣೇ." ವೆಸ್ಟಾ ಸೌಟು ಹಿಡಿದುಕೊಂಡೇ ಬಂದು, "ಬೇಗ ಒತ್ರೀ, ಆಟ ಆಡ್ಬೇಡಿ" ಎಂದರು. "ತಡಿಯೇ, ಜವಾಬ್ದಾರಿ ಕೆಲ್ಸ. ನನ್ನ ಸೊಂಟ ನೋವನ್ನ ಮೊದಲನೇ ಸಲ ಉಳುಕು ಅಂದಿದ್ದು ಇವ್ಳೇ ಅಲ್ವಾ?" ಎಂದು ಅವರು ನನ್ನತ್ತ ನೋಡಿದರು. ಹೌದು, ಹಾಗೆ ಅಂದವಳು ನಾನೇ, ಅದು ಉಳುಕಾಗಿರಲಿಲ್ಲ. ಅವರು ಬೆರಳನ್ನು ಗುಂಡಿಯ ಮೇಲಿಟ್ಟರು. "ಪರ್ವಾಗಿಲ್ಲ, ಬಿಡೋಣ. ಇವ್ಳಿಗಿಂತ ಒಳ್ಳೆಯವ್ರು ಈ ದ್ವೀಪಕ್ಕೆ ಬರಲ್ಲ, ಹವಾ ಸರಿಯಿಲ್ಲ" ಎಂದು ಒತ್ತಿದರು. ಬೀಗ ತೆರೆಯಿತು. ಮರ್ಲ್ ವಾಪಸು ಕೊಟ್ಟಿದ್ದ ಬಿಲ್ಲೆಯ ಅಂಕಿಗಳನ್ನು ನೋಡಿ, ಬಾಯಿ ಬಿಡದೆ, ನಾನು ನನ್ನ ಮೊದಲ ಚೀಟಿಯನ್ನು ಆ ಅಡುಗೆಮನೆಯಿಂದಲೇ ಕಳುಹಿಸಿದೆ.

ಶುಕ್ರವಾರದ ದೋಣಿಯಲ್ಲಿ ಔಷಧಿ ಬಂತು. ವಿನ್ಸ್‌ಲೋ ತಮ್ಮ ಕುರ್ಚಿಯಲ್ಲಿ ಫೆಬ್ರವರಿಯವರೆಗೆ ಕುಳಿತರು. ವೆಸ್ಟಾ ಮಾಡಿದ ಹ್ಯಾಡಕ್ ಮೀನಿನ ಸಾರು ಕುಡಿದರು, ಇಸ್ಪೀಟಿನಲ್ಲಿ ನನಗೆ ಮೋಸ ಮಾಡಿದರು, ಬಂದರಿಗೆ ಬರುವ ಪ್ರತಿ ದೋಣಿಯನ್ನೂ ರೇಡಿಯೋದಲ್ಲಿ ಹಿಡಿದು, ದೋಣಿ ಕಟ್ಟುವುದು ಹಾಗಲ್ಲ, ಹೀಗೆ ಎಂದು ಬೈದರು. ಒಂದು ಮಧ್ಯಾಹ್ನ ಮರ್ಲ್‌ನನ್ನು ಬೈಯುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿ ಕಣ್ಣು ಮುಚ್ಚಿದರು. ಮರ್ಲ್ ಬೈಗುಳದ ಉಳಿದರ್ಧಕ್ಕಾಗಿ ಕಾದು ಕಾದು, ಕೊನೆಗೆ ತಾನೇ ನನ್ನನ್ನು ಕರೆದ. ನನಗೆ ಅವರ ನೆನಪಾಗದ ದಿನವಿಲ್ಲ.

ಇಷ್ಟು ಉಪಕಾರ ಮಾಡಿದ ತಮ್ಮಲ್ಲಿ ನನ್ನದು ಕೆಲವು ಸಣ್ಣ ಕೋರಿಕೆಗಳು. ತಮ್ಮಂಥ ಕಾವಲುಗಾರರು ಔಷಧಿಯ ಬಾಗಿಲಲ್ಲಿ ಮಾತ್ರ ನಿಂತಿರುವುದು ಪ್ರತಿಭೆಯ ಪೋಲು. ದಯವಿಟ್ಟು ತಾವು ಕಾಯಿಲೆಯ ಬಾಗಿಲಿಗೂ ಬರಬೇಕು. ಕ್ಯಾನ್ಸರ್ ಇನ್ನು ಮುಂದೆ ಯಾರ ಮೂಳೆಗಾದರೂ ಇಳಿಯುವ ಮುನ್ನ ತಾನು ಹಿಂದೆ ಯಾವ ಬೀದಿಯಲ್ಲಿ ವಾಸವಿತ್ತು ಎಂದು ತಿಳಿಸಲಿ. ಎರಡನೆಯ ಕಾಯಿಲೆಯೊಂದು ಅದನ್ನು ಅನುಮೋದಿಸಲಿ. ಅದರ ಬಿಲ್ಲೆಯನ್ನು ಮರ್ಲ್ ಬಿಚ್ಚಿ ರಿಪೇರಿ ಮಾಡಲಿ. ಸಹಾಯವಾಣಿಯ ಸಂಗೀತವನ್ನು ಅದು ಪೂರ್ತಿ ಕೇಳಲಿ. ತಾವು ಅದನ್ನು ಹತ್ತು ವರ್ಷ ಬಾಗಿಲಲ್ಲೇ ನಿಲ್ಲಿಸಬಲ್ಲಿರಿ ಎಂಬ ಸಂಪೂರ್ಣ ವಿಶ್ವಾಸ ನನಗಿದೆ. ಹಾಗೆಯೇ, ಬಿಡುವಾದಾಗ ಒಮ್ಮೆ ಮೋಡದಿಂದಿಳಿದು ನಮ್ಮ ದ್ವೀಪಕ್ಕೆ ಬನ್ನಿ. ಧಕ್ಕೆಯಲ್ಲಿ ಏವಿಸ್ ಕಾಯುತ್ತಿರುತ್ತಾಳೆ. ತಾವು ತಾವೇ ಹೌದೇ, ಯಾರ ಮೊಮ್ಮಕ್ಕಳು, ಯಾರ ಮದುವೆಗೆ ಬಂದಿದ್ದಿರಿ ಎಂದು ಅವಳು ಕೆಲವು ಪ್ರಶ್ನೆ ಕೇಳುತ್ತಾಳೆ. ಉತ್ತರ ಸರಿಯಾದರೆ ಬ್ಲೂಬೆರಿ ಪೈ ಇದೆ, ತಪ್ಪಾದರೆ ತಾವು ಇಲ್ಲವೆಂದು ಕೆಂಪು ಪೆನ್ನಿನಲ್ಲಿ ಬರೆದುಕೊಡುತ್ತಾಳೆ. ನಕ್ಷತ್ರಗಳ ವಿಷಯ ಹೇಳುವುದಾದರೆ, ನಮ್ಮಲ್ಲಿ ಅವು ಬೇಕಾದಷ್ಟಿವೆ. ತಾವು ಕಳುಹಿಸಿದ ಐದನ್ನೂ ಇದರೊಡನೆ ಹಿಂತಿರುಗಿಸಿದ್ದೇನೆ.

ತಮ್ಮಿಂದ ದೃಢಪಟ್ಟು ಅಸ್ತಿತ್ವದಲ್ಲಿರುವ,
ತಮ್ಮ ವಿಶ್ವಾಸಿ,
ಡಾ. ಲೆನೋರ್ ಥರ್ಲೋ

ಹಿಂಬರಹ: ವಿನ್ಸ್‌ಲೋ ತೀರಿಕೊಂಡ ಮೇಲೂ ತಾವು ಅವರಿಗೆ ಬರೆಯುತ್ತಲೇ ಇದ್ದೀರಿ. ಪ್ರಿಯ ವಿನ್ಸ್‌ಲೋ, ತಮ್ಮ ಅನುಮೋದನಾಧಿಕಾರದ ಅವಧಿ ಮುಗಿಯುತ್ತಿದೆ, ತಾವು ಇನ್ನೂ ತಾವೇ ಎಂದು ದಯವಿಟ್ಟು ದೃಢಪಡಿಸಿ ಎಂಬ ಸಂದೇಶ ಪ್ರತಿ ಸೋಮವಾರ, ನೋಂದಣಿಯಲ್ಲಿ ಕೊಟ್ಟಿದ್ದ ವೆಸ್ಟಾ ಅವರ ಫೋನಿಗೆ ಬರುತ್ತಿದೆ. ನಿಲ್ಲಿಸಿ ಎಂದು ನಾನು ಸಹಾಯವಾಣಿಗೆ ಹೇಳಿದರೆ, ಖಾತೆಯನ್ನು ಖಾತೆದಾರರೇ ಬಂದು ಮುಚ್ಚಬೇಕು ಎಂದರು. ಇದನ್ನು ತಿಳಿಸಿದಾಗ ವೆಸ್ಟಾ, "ಇರ್ಲಿ ಬಿಡಿ ಡಾಕ್ಟ್ರಮ್ಮಾ. ಊರಲ್ಲಿ ಎಲ್ರೂ ಅವ್ರ ಹೆಸ್ರು ಎತ್ತೋಕೆ ಹೆದರ್ತಾರೆ. ಇದೊಂದೇ ಅವ್ರನ್ನ ಇನ್ನೂ ಕೇಳ್ತಿರೋದು" ಎಂದರು. ಆದ್ದರಿಂದ ಸಂದೇಶಗಳನ್ನು ದಯವಿಟ್ಟು ನಿಲ್ಲಿಸಬೇಡಿ. ಒಂದು ವೇಳೆ ಯಾವುದಾದರೂ ಸೋಮವಾರ ಆ ಕಡೆಯಿಂದ ಉತ್ತರ ಬಂದರೆ, ಅವರಿಗೆ ಬ್ಯಾಂಕು, ಬೀದಿ, ದೋಣಿ ಎಂದು ಪ್ರಶ್ನೆ ಹಾಕುತ್ತ ಕೂರಬೇಡಿ. ನೇರವಾಗಿ ವೆಸ್ಟಾಗೆ ಫೋನು ಕೊಡಿ. ಗಂಡ ಕೆಮ್ಮಿದ ಸದ್ದಿನಿಂದಲೇ ಅವರು ಗುರುತು ಹಿಡಿಯುತ್ತಾರೆ.